ಹೊಯಿಗೆ ಯಾರಿಗೆ ಒಲಿಯುತ್ತದೆ

"ನಿನ್ನೆ ರಾತ್ರಿ ಹನ್ನೊಂದರ ತನಕ ನಿಮ್ಮಲ್ಲಿ ಬೊಬ್ಬೆ ಕೇಳ್ತಾ ಇತ್ತಲ್ಲ ಮಾರಾಯ, ಕ್ರಿಕೆಟ್ ಇತ್ತಾ?"

ದಾಸವಾಳದ ಬೇಲಿಯಾಚೆ ಮಾಷ್ಟ್ರು ಪೂಜೆಗೆ ಹೂ ಕೊಯ್ಯುತ್ತಿದ್ದರು. ನಾನು ಈಚೆ ಕಡೆ ತೆಂಗಿನ ಬುಡಕ್ಕೆ ನೀರು ಬಿಟ್ಟು ನಿಂತಿದ್ದೆ.

"ಕ್ರಿಕೆಟ್ ಅಲ್ಲ ಮಾಷ್ಟ್ರೇ, ಹೊಯಿಗೆಯಲ್ಲಿ ಆಡುವ ಫುಟ್‌ಬಾಲ್. ಬೀಚ್ ಸಾಕರ್ ವಿಶ್ವಕಪ್ಪಿನ ಫೈನಲ್. 2025ರ ಮೇ ತಿಂಗಳಲ್ಲಿ ಸೆಶೆಲ್ಸ್‌ನಲ್ಲಿ ಆದದ್ದು. ಹಳೇ ಪಂದ್ಯವೇ, ಮತ್ತೆ ಹಾಕಿಕೊಂಡು ಕೂತಿದ್ದೆ. ಬ್ರೆಜಿಲ್ 4, ಬೆಲಾರೂಸ್ 3."

ಮಾಷ್ಟ್ರ ಕೈ ಹೂವಿನ ಮೇಲೆಯೇ ನಿಂತಿತು. ಸರ್ವೀಸಿಡೀ ಸಮಾಜ ಪಾಠ ಮಾಡಿದವರು, ಭೂಪಟ ಅವರ ಬೆರಳ ತುದಿಯಲ್ಲಿದೆ. "ಬ್ರೆಜಿಲ್ ಸರಿ. ಬೆಲಾರೂಸಿಗೆ ಸಮುದ್ರ ಎಲ್ಲುಂಟು?"

ಇಲ್ಲ. ನಾಲ್ಕೂ ದಿಕ್ಕಿಗೆ ನೆಲವೇ. ರಾತ್ರಿ ಮಲಗಿದ ಮೇಲೂ ನನ್ನ ತಲೆಯಲ್ಲಿ ತಿರುಗುತ್ತಿದ್ದದ್ದು ಇದೇ ಪ್ರಶ್ನೆ. ಚಳಿಗಾಲವಿಡೀ ಹಿಮ ಹೊದ್ದುಕೊಳ್ಳುವ ನಾಡಿನ ಹುಡುಗರು ಹಿಂದೂ ಮಹಾಸಾಗರದ ನಡುವಿನ ದ್ವೀಪಕ್ಕೆ ಬಂದು, ಬರಿಗಾಲಲ್ಲಿ ಬ್ರೆಜಿಲ್‌ನವರಿಗೆ ಕೊನೆಯ ತನಕ ಬೆವರಿಳಿಸಿದ್ದಾರೆ. ಬ್ರೆಜಿಲ್ ಅಂದರೆ ಯಾರು? ಈ ಆಟ ಬೆಳೆದದ್ದೇ ಅವರ ರಿಯೋ ಡಿ ಜನೈರೋದ ದಂಡೆಯಲ್ಲಿ. ಸೆಶೆಲ್ಸ್‌ನಲ್ಲಿ ಗೆದ್ದದ್ದೂ ಸೇರಿ ಅವರ ಮನೆಯಲ್ಲಿ ಫೀಫಾದ ಏಳು ಕಪ್ ಉಂಟು.

"ಹೊಯಿಗೆಯಲ್ಲಿ ನಡೆಯುವುದೇ ಕಷ್ಟ, ಓಡುವುದು ಹೇಗೆ?" ಮಾಷ್ಟ್ರು ಕೇಳಿದರು.

ಅದಕ್ಕೇ ಆಟವನ್ನು ಚಿಕ್ಕದು ಮಾಡಿದ್ದಾರೆ. ಒಂದು ಕಡೆಗೆ ಗೋಲಿಯೂ ಸೇರಿ ಐದೇ ಜನ. ಅಂಗಣ ಮೂವತ್ತಾರು ಮೀಟರಿನಷ್ಟು ಉದ್ದ, ಇಪ್ಪತ್ತೇಳರಷ್ಟು ಅಗಲ. ಹನ್ನೆರಡು ನಿಮಿಷದ ಮೂರು ಆಟ. ಸುಸ್ತಾದವನು ಹೊರಗೆ, ಕೂತವನು ಒಳಗೆ, ಎಷ್ಟು ಸಲ ಬೇಕಾದರೂ. ಡ್ರಾ ಎಂಬುದಿಲ್ಲ, ಯಾರಾದರೊಬ್ಬರು ಗೆಲ್ಲಲೇಬೇಕು. ಬೂಟಿಲ್ಲ, ಹೆಚ್ಚೆಂದರೆ ಹರಡಿಗೊಂದು ಪಟ್ಟಿ. ಬರಿಗಾಲಲ್ಲಿ ಒದೆಯಬೇಕಲ್ಲ, ಹಾಗಾಗಿ ಚೆಂಡಿಗೆ ಗಾಳಿಯೂ ಕಡಿಮೆ. ಒತ್ತಿದರೆ ಹೆಬ್ಬೆಟ್ಟು ಸ್ವಲ್ಪ ಒಳಗಿಳಿಯುವಷ್ಟು ಮೆತ್ತಗೆ.

ನನಗೆ ತುಂಬ ಹಿಡಿಸಿದ್ದು ಫ್ರೀ ಕಿಕ್. ಮಾಷ್ಟ್ರಿಗೆ ಅದನ್ನು ಕೈಯಲ್ಲೇ ಮಾಡಿ ತೋರಿಸಿದೆ. ಎದುರಾಳಿ ಯಾರನ್ನು ಬೀಳಿಸಿದನೋ ಅವನೇ ಎದ್ದು ಒದೆಯಬೇಕು. ಪೆಟ್ಟಾಗಿ ಏಳಲಿಕ್ಕೆ ಆಗದಿದ್ದರೆ ಮಾತ್ರ ಬೇರೆಯವನು. ಎದುರಿಗೆ ಗೋಡೆ ಕಟ್ಟಿ ನಿಲ್ಲುವ ಹಾಗಿಲ್ಲ. ಬಿದ್ದವನು ಮೈಗೆ ಅಂಟಿದ ಹೊಯಿಗೆ ಕೊಡವಿಕೊಂಡು, ಮೊಣಕಾಲೂರಿ, ಎರಡೂ ಬೊಗಸೆಯಲ್ಲಿ ಹೊಯಿಗೆ ಎಳೆದು ಒಂದು ಪುಟ್ಟ ದಿಬ್ಬ ಕಟ್ಟುತ್ತಾನೆ. ಅದರ ನೆತ್ತಿಯಲ್ಲಿ ಚೆಂಡನ್ನು ಮೆಲ್ಲಗೆ ಕೂರಿಸುತ್ತಾನೆ, ಬಾಲವಾಡಿಯ ಮಕ್ಕಳು ಗುಬ್ಬಿಗೂಡು ಕಟ್ಟುವಷ್ಟೇ ಜಾಗ್ರತೆಯಿಂದ. ಹಿಂದೆ ಸರಿಯುತ್ತಾನೆ. ಈಗ ಅವನು, ದೂರದಲ್ಲಿ ಗೋಲಿ, ನಡುವೆ ಬರೀ ಗಾಳಿ. ಕೆಡವಿಸಿಕೊಂಡವನ ಕೈಗೇ ನ್ಯಾಯ ಕೊಡುವ ಇಂಥ ನಿಯಮ ಹುಲ್ಲಿನ ಆಟದಲ್ಲಿ ಇಲ್ಲ.

ಇನ್ನೊಂದು ವಿಷಯ, ಹೊಯಿಗೆಯ ಮೇಲೆ ಚೆಂಡು ಉರುಳುವುದಿಲ್ಲ. ನೆಲದ ಮೇಲೆ ಪಾಸ್ ಕೊಟ್ಟರೆ ಎರಡು ಮಾರು ಹೋಗುವುದರೊಳಗೆ ಯಾವುದೋ ಗುಳಿಗೆ ಬಿದ್ದು ದಿಕ್ಕು ತಪ್ಪುತ್ತದೆ. ಆದ್ದರಿಂದ ಬೆರಳ ತುದಿಯಿಂದ ಚಿಮ್ಮಿಸಿ ಚೆಂಡನ್ನು ಗಾಳಿಯಲ್ಲೇ ಇಡಬೇಕು. ಒಬ್ಬ ಎತ್ತಿಕೊಡುತ್ತಾನೆ, ಇನ್ನೊಬ್ಬ ಗೋಲಿಗೆ ಬೆನ್ನು ಹಾಕಿ ಹಾರಿ, ಅಂಗಾತವಾಗಿ ತಲೆಯ ಮೇಲಿಂದ ಒದೆಯುತ್ತಾನೆ. ಹುಲ್ಲಿನ ಮೇಲೆ ಆ ಬೈಸಿಕಲ್ ಕಿಕ್ ಅಪರೂಪ, ಇಲ್ಲಿ ಒಂದೇ ಪಂದ್ಯದಲ್ಲಿ ಹತ್ತಾರು. ಬಿದ್ದರೆ ಹೊಯಿಗೆ ಹಿಡಿದುಕೊಳ್ಳುತ್ತದೆ ಎಂಬ ಧೈರ್ಯ. ಗೋಲುಗಳಿಗೂ ಬರವಿಲ್ಲ. 2011ರಲ್ಲಿ ಇಟಲಿಯ ರವೆನ್ನಾದಲ್ಲಿ ರಷ್ಯಾ ಬ್ರೆಜಿಲನ್ನು ಸೋಲಿಸಿದ ಫೈನಲಿನ ಲೆಕ್ಕ 12–8.

"ಹಾಗಾದರೆ ಹುಲ್ಲಿನಲ್ಲಿ ದೊಡ್ಡವರು ಇಲ್ಲಿಯೂ ದೊಡ್ಡವರೇ ಆಗಬೇಕೆಂದಿಲ್ಲ."

ಮಾಷ್ಟ್ರು ಸರಿಯಾದ ಜಾಗಕ್ಕೇ ಬಂದಿದ್ದರು. ನಾನು ತಹೀತಿಯ ಕತೆ ತೆಗೆದೆ.

ಪೆಸಿಫಿಕ್ ಸಾಗರದ ನಡುವಿನ ಪುಟ್ಟ ದ್ವೀಪ ಅದು. ಓಷಿಯಾನಿಯಾದ ಚಾಂಪಿಯನ್ ಆಗಿ 2013ರ ಜೂನಿನಲ್ಲಿ ಕಾನ್ಫೆಡರೇಷನ್ಸ್ ಕಪ್ ಆಡಲು ಬ್ರೆಜಿಲಿಗೆ ಹೋಯಿತು, ಹುಲ್ಲಿನ ಫುಟ್‌ಬಾಲ್. ತಂಡದಲ್ಲಿ ಆಟವೇ ಕಸುಬಾಗಿದ್ದವನು ಒಬ್ಬನೇ, ಉಳಿದವರೆಲ್ಲ ಊರಲ್ಲಿ ಬೇರೆ ಬೇರೆ ಕೆಲಸ ಮಾಡಿಕೊಂಡು ಸಂಜೆ ಆಡುವವರು. ನೈಜೀರಿಯಾ ವಿರುದ್ಧ 6–1, ಮರಕಾನಾ ಮೈದಾನದಲ್ಲಿ ಸ್ಪೇನ್ ವಿರುದ್ಧ 10–0, ಉರುಗ್ವೆ ವಿರುದ್ಧ 8–0, ಮೂರೂ ಸೋಲು. ಹೊಡೆದ ಒಂದೇ ಒಂದು ಗೋಲು ಜೊನಾಥನ್ ತೆಹಾವ್‌ನದು. ಆ ಗೋಲಾದ ಕೂಡಲೇ ಅವರು ಹುಲ್ಲಿನ ಮೇಲೆ ಸಾಲಾಗಿ ಕೂತು, ಇಲ್ಲದ ದೋಣಿಗೆ ಇಲ್ಲದ ಹುಟ್ಟು ಹಾಕಿದರು. ಅವರ ದ್ವೀಪದ ದೋಣಿ, ಅದಕ್ಕೆ ಅವರು 'ವಾಆ' ಅನ್ನುತ್ತಾರೆ. ಬ್ರೆಜಿಲ್‌ನ ಜನ ಆ ತಂಡವನ್ನು ಎದೆಗೆ ಅಪ್ಪಿಕೊಂಡರು. ಮಲ್ಪೆಯ ಧಕ್ಕೆಯ ಮಗ್ಗುಲಲ್ಲಿ ಬೆಳೆದ ನನಗೆ ಆ ಹುಟ್ಟು ಹಾಕುವ ಕೈಗಳನ್ನು ನೋಡಿ ಗಂಟಲು ಕಟ್ಟಿತ್ತು.

ಮೂರು ತಿಂಗಳು ಕಳೆಯಿತು. ಸೆಪ್ಟೆಂಬರಿನಲ್ಲಿ ತಹೀತಿಯ ರಾಜಧಾನಿ ಪಪೀಟೆಯಲ್ಲೇ ಬೀಚ್ ಸಾಕರ್ ವಿಶ್ವಕಪ್. ಈಗ ಅಂಗಣ ಹೊಯಿಗೆಯದು. ಕ್ವಾರ್ಟರ್ ಫೈನಲಿನಲ್ಲಿ ಅರ್ಜೆಂಟೀನಾದ ಮೇಲೆ 6–1ರ ಗೆಲುವು! ಮೂರನೇ ಸ್ಥಾನದ ಪಂದ್ಯದಲ್ಲಿ ಬ್ರೆಜಿಲ್ ಜೊತೆ 7–7, ಪೆನಾಲ್ಟಿಯಲ್ಲಿ ಮಾತ್ರ ಸೋಲು. ಎರಡು ವರ್ಷದ ನಂತರ ಪೋರ್ಚುಗಲ್‌ನ ಎಸ್ಪಿನ್ಯೋದಲ್ಲಿ ಫೈನಲಿಗೇ ಏರಿದರು, 2017ರಲ್ಲಿ ಬಹಾಮಾಸ್‌ನಲ್ಲಿ ಮತ್ತೊಮ್ಮೆ. ಎರಡರಲ್ಲೂ ಕಪ್ ಕೈಗೆ ಸಿಗಲಿಲ್ಲ. ಸಿಗದಿದ್ದರೇನು, ನನ್ನ ಮನಸ್ಸಿನಲ್ಲಿ ಆ ದ್ವೀಪದವರಷ್ಟು ಎತ್ತರಕ್ಕೆ ಯಾವ ಚಾಂಪಿಯನ್ನೂ ನಿಂತಿಲ್ಲ.

"ಕಡಲ ಮಕ್ಕಳಲ್ಲವಾ. ಹುಟ್ಟಿದ್ದೇ ಹೊಯಿಗೆಯಲ್ಲಿ," ಅಂದರು ಮಾಷ್ಟ್ರು.

ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಆದರೆ 2013ರಲ್ಲಿ ಅವರಿಗೆ ಆಟ ಕಲಿಸಿದ ಕೋಚ್ ಯಾರು? ಆಂಜೆಲೊ ಸ್ಕಿರಿಂಜಿ, ಸ್ವಿಟ್ಜರ್ಲೆಂಡಿನವರು. ಆಲ್ಪ್ಸ್ ಬೆಟ್ಟದ ನಾಡಿನಿಂದ ಬಂದು ದ್ವೀಪದ ಹುಡುಗರಿಗೆ ಹೊಯಿಗೆಯ ಪಾಠ ಹೇಳಿದರು! ಆ ಸ್ವಿಟ್ಜರ್ಲೆಂಡೂ 2009ರಲ್ಲಿ ದುಬೈಯಲ್ಲಿ ವಿಶ್ವಕಪ್ ಫೈನಲ್ ಆಡಿದೆ, ಅದಕ್ಕೂ ಕಡಲಿಲ್ಲ. 2019ರಲ್ಲಿ ವಿಶ್ವಕಪ್ ನಡೆಸಿಕೊಟ್ಟ ಪರಾಗ್ವೆಗೂ ಇಲ್ಲ. ಈಗ ಬೆಲಾರೂಸ್.

ಕಡಲು ಇಲ್ಲದವರು ಹೊಯಿಗೆಯನ್ನು ಲಾರಿಯಲ್ಲಿ ತಂದು ಸುರಿದು ಅಂಗಣ ಮಾಡಬೇಕು. ಅಂಗಣಕ್ಕೆ ಕಡಿಮೆಯೆಂದರೂ ನಲವತ್ತು ಸೆಂಟಿಮೀಟರ್ ಆಳದ ಹೊಯಿಗೆ ಬೇಕು, ಕಪ್ಪೆಚಿಪ್ಪು ಕಲ್ಲು ಒಂದೂ ಇರಬಾರದು. ಅಷ್ಟು ಕಷ್ಟಪಟ್ಟು ತಂದ ಮೇಲೆ ಅವರು ಅದರಲ್ಲಿ ಆಡುವುದನ್ನು ಮೊದಲಕ್ಷರದಿಂದ ಕಲಿಯುತ್ತಾರೆ, ಹೆಜ್ಜೆ ಹೇಗೆ ಊರಬೇಕು ಎಂಬಲ್ಲಿಂದ. ಹೊಯಿಗೆ ಹುಟ್ಟಿನಿಂದ ಬರುವ ಆಸ್ತಿಯಲ್ಲ ಎಂದು ನನಗೆ ಮನದಟ್ಟಾದದ್ದು ಇಲ್ಲೇ.

"ನಮ್ಮ ದೇಶದ ಸಂಗತಿ?"

ಅದೂ ಹಾಗೇ. 2023ರಲ್ಲಿ ಸೂರತ್‌ನಲ್ಲಿ ಮೊದಲ ರಾಷ್ಟ್ರೀಯ ಬೀಚ್ ಸಾಕರ್ ಚಾಂಪಿಯನ್‌ಷಿಪ್ ಆಯಿತು. ಕೇರಳ ಗೆದ್ದಿತು, 13–4. ಫೈನಲಿನಲ್ಲಿ ಎದುರಿಗೆ ನಿಂತದ್ದು ಪಂಜಾಬ್. ಗೋಧಿ ಹೊಲದ ಹುಡುಗರು ಕಡಲಿನ ಎಷ್ಟೋ ರಾಜ್ಯಗಳನ್ನು ಬಿಟ್ಟು ಅಲ್ಲಿ ತನಕ ಬಂದಿದ್ದರು. 2025ರ ಮಾರ್ಚಿನಲ್ಲಿ ಭಾರತ ತಂಡ ಥಾಯ್ಲೆಂಡಿನ ಪಟ್ಟಾಯದಲ್ಲಿ ಏಷ್ಯನ್ ಕಪ್ ಆಡಿತು, ಗುಂಪಿನ ಹಂತ ದಾಟಲಿಲ್ಲ. ಇರಲಿ, ಆಡಿತಲ್ಲ.

"ಮತ್ತೆ ನಮ್ಮ ಹುಡುಗರು ದಿನಾ ಸಂಜೆ ಬೀಚಿನಲ್ಲೇ ಇರ್ತಾರಲ್ಲ. ನಮ್ಮ ಪುಳ್ಳಿಯೂ ಹೋಗ್ತಾನೆ."

"ಎಲ್ಲಿ ಆಡ್ತಾರೆ ನೋಡಿದ್ದೀರಾ ಮಾಷ್ಟ್ರೇ?"

ತೆರೆ ಬಂದು ಹಿಂದೆ ಸರಿದ ಜಾಗದಲ್ಲಿ. ಅಲ್ಲಿ ಒದ್ದೆ ಹೊಯಿಗೆ ಸಿಮೆಂಟಿನಷ್ಟು ಗಟ್ಟಿ. ಎರಡು ಜೊತೆ ಚಪ್ಪಲಿ ಇಟ್ಟರೆ ಗೋಲು, ಚೆಂಡು ಚೆನ್ನಾಗಿ ಉರುಳುತ್ತದೆ. ಅದು ಹುಲ್ಲಿನ ಆಟವೇ, ಹುಲ್ಲಿಲ್ಲ ಅಷ್ಟೆ. ಹತ್ತು ಮಾರು ಮೇಲೆ, ಗಾಳಿಮರದ ಸಾಲಿನ ಕೆಳಗೆ, ಕಾಲು ಹೂತುಹೋಗುವ ಒಣ ಹೊಯಿಗೆ ರಾಶಿ ಬಿದ್ದಿದೆ. ಪರದೇಶದವರು ದುಡ್ಡು ಕೊಟ್ಟು ಹಾಸಿಕೊಳ್ಳುವ ಅಂಗಣ ಅದು. ಅಲ್ಲಿಗೆ ನಮ್ಮವರು ಹೋಗುವುದು ಬಟ್ಟೆ ಬಿಚ್ಚಿಡಲಿಕ್ಕೆ. ಚಿಕ್ಕಂದಿನಲ್ಲಿ ನಾನೂ ಆ ಒದ್ದೆ ಪಟ್ಟಿಯಲ್ಲೇ ಆಡಿದವನು. ಮೇಲಿನ ಹೊಯಿಗೆಯಲ್ಲಿ ಆಡಬಹುದು ಅಂತ ನಮಗೆ ಹೇಳುವವರೇ ಇರಲಿಲ್ಲ. ಹೇಳಿದ್ದರೆ ಅಂತ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಾಷ್ಟ್ರು ಹೂವಿನ ಬುಟ್ಟಿಯನ್ನು ಬೇಲಿಯ ಗೂಟಕ್ಕೆ ಸಿಕ್ಕಿಸಿದರು. ಒಳಗಿದ್ದ ಪುಳ್ಳಿಯನ್ನು ಕೂಗಿದರು. "ಚೆಂಡು ತಕೊಂಡು ಬಾ ಮಗಾ."

ಏಳನೇ ಕ್ಲಾಸಿನ ಹುಡುಗ, ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಲೇ ಓಡಿ ಬಂದ. ಬೇಲಿಯ ಮೇಲಿಂದ ಚೆಂಡು ನನ್ನ ಕೈಗೆ ಬಂತು. ಒತ್ತಿ ನೋಡಿದೆ, ಕಲ್ಲಿನ ಹಾಗಿದೆ.

"ಪಂಪಿನ ಸೂಜಿ ಉಂಟಾ ಮಗಾ?"

ಇತ್ತು. ಎಂಜಲು ಹಚ್ಚಿ ಒಳಗೆ ತೂರಿಸಿದ. ಗಾಳಿ ಸುಯ್ ಅಂತ ಹೊರಬರತೊಡಗಿತು. ಮಾಷ್ಟ್ರು ಬೇಲಿಯ ಮೇಲಿಂದ ಕೈ ಚಾಚಿ, ಚೆಂಡಿನ ಮೇಲೆ ಹೆಬ್ಬೆಟ್ಟು ಊರಿ, ನನ್ನ ಮುಖ ನೋಡಿದರು.

"ಇಷ್ಟು ಸಾಕಾ?"

"ಇನ್ನೊಂಚೂರು ಬಿಡ್ಲಿ ಮಾಷ್ಟ್ರೇ."