ಜ್ಯಾಕಣ್ಣ

ಅವನಿಗೆ ಹೆತ್ತವರು ಇಟ್ಟ ಹೆಸರೊಂದು ಇದೆ. ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ರಸೀದಿಯಲ್ಲಿ ಬಿಟ್ಟರೆ ಬೇರೆಲ್ಲೂ ಅದು ಚಲಾವಣೆಯಲ್ಲಿಲ್ಲ. ಎಲ್ಲರಿಗೂ ಅವನು ಜ್ಯಾಕಣ್ಣ. ಯಾರ ಮನೆಯ ಗೇಮ್ ಕನ್ಸೋಲಿಗೆ ಹೆಡ್‌ಸೆಟ್ ಕೂಡದಿದ್ದರೂ ಮೊದಲು ನೆನಪಾಗುವವನು ಅವನೇ. ನೆನಪಾಗದಿದ್ದರೂ ಬಾಗಿಲು ತೆರೆದಿದ್ದರೆ ಒಳಗೆ ಬರುತ್ತಾನೆ.

ಬರುವಾಗ ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ಒಂದಾನೊಂದು ಕಾಲದಲ್ಲಿ ಅದರಲ್ಲಿ ಚಕ್ಕುಲಿ ಇರುತ್ತಿತ್ತು. ಈಗ ಸ್ಪ್ಲಿಟರ್, ಅಡಾಪ್ಟರ್, ಡಾಂಗಲ್ ಎಲ್ಲ ಒಂದಕ್ಕೊಂದು ಸುತ್ತಿಕೊಂಡು ಮಲಗಿವೆ. ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದವು.

ಅವನು ಕನ್ಸೋಲಿನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಹೆಡ್‌ಸೆಟ್ಟಿನ ಪಿನ್ನನ್ನು ಅಂಗಿಯ ಅಂಚಿನಲ್ಲಿ ಒರೆಸಿ, ಟ್ಯೂಬ್‌ಲೈಟಿಗೆ ಹಿಡಿದು, ಅದರ ಮೇಲಿನ ಕಪ್ಪು ಗೆರೆಗಳನ್ನು ಎಣಿಸುತ್ತಾನೆ. ಮೂರು ಗೆರೆ ಇದ್ದರೆ ಕಿವಿಯೂ ಉಂಟು, ಬಾಯಿಯೂ ಉಂಟು. ಎರಡೇ ಇದ್ದರೆ ಬರೀ ಕಿವಿ. ಹಸಿರು, ಗುಲಾಬಿ ಅಂತ ಎರಡು ಪಿನ್ ಕಂಡರಂತೂ ಅವನ ಮುಖ ಅರಳುತ್ತದೆ. “ಇದು ಕಂಪ್ಯೂಟರ್‌ದು. ಹಸಿರು ಕೇಳೋಕೆ, ಗುಲಾಬಿ ಮಾತಾಡೋಕೆ. ಎರಡನ್ನೂ ಒಂದು ಮಾಡೋ ತುಂಡು ನನ್ನ ಹತ್ರ ಇದೆ” ಎಂದು ಡಬ್ಬಿಗೆ ಕೈ ಹಾಕುತ್ತಾನೆ.

ಆ ತುಂಡು ಸಿಗುವವರೆಗೆ ಕನ್ಸೋಲುಗಳ ಕುಲಗೋತ್ರ ಶುರು. 2013ರ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರಿನಲ್ಲಿ 3.5 ಮಿ.ಮೀ. ತೂತೇ ಇರಲಿಲ್ಲ, ಅಡಾಪ್ಟರ್ ಸಿಕ್ಕಿಸಬೇಕಿತ್ತು, ತೂತು ಬಂದದ್ದು 2015ರಲ್ಲಿ. ನಿಂಟೆಂಡೊ ಸ್ವಿಚ್ 2017ರಲ್ಲಿ ಬಂದರೂ ಬ್ಲೂಟೂತ್ ಹೆಡ್‌ಫೋನಿಗೆ ಬಾಗಿಲು ತೆರೆದದ್ದು 2021ರಲ್ಲಿ, ಅದೂ ಕೇಳಲು ಮಾತ್ರ. ಬ್ಲೂಟೂತ್ ಮೈಕನ್ನು ಆಗಲೂ ಒಳಗೆ ಬಿಟ್ಟುಕೊಳ್ಳಲಿಲ್ಲ.

“ಅಪ್ಪನ ಬ್ಲೂಟೂತ್ ಇಯರ್‌ಬಡ್ಸ್ ಹಾಕೋಣ ಅಂಕಲ್, ಫೋನಿಗೆ ತಕ್ಷಣ ಕೂಡುತ್ತೆ” ಎನ್ನುತ್ತಾನೆ ಆ ಮನೆಯ ಹುಡುಗ.

“ಫೋನು ಊರಿಗೆಲ್ಲ ನೆಂಟ ಕಣೋ ಮರಿ. ಪ್ಲೇಸ್ಟೇಷನ್ ಐದು ಹಾಗಲ್ಲ. ಅದಕ್ಕೆ ಯುಎಸ್‌ಬಿ ಡಾಂಗಲ್ ಅನ್ನೋ ಮಧ್ಯಸ್ಥ ಬೇಕು.”

ಅಷ್ಟರಲ್ಲಿ ಕಾಫಿ ಬರುತ್ತದೆ. ಆಮೇಲೆ ಪಿನ್ನು ಕಂಟ್ರೋಲರಿನ ತೂತಿಗೆ ಹೋಗಿ ‘ಟಕ್’ ಎನ್ನುತ್ತದೆ. ಆ ಟಕ್ ಕೇಳಿಸದಿದ್ದರೆ ಪಿನ್ನು ಅರ್ಧವೇ ಕೂತಿದೆ ಎಂದು ಅರ್ಥ. ಗಣೇಶನ ಪೆಂಡಾಲಿನವರ ಗತ್ತಿನಲ್ಲಿ “ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ” ಎನ್ನುತ್ತಾನೆ. ಆ ಕಡೆಯಿಂದ ಉತ್ತರವಿಲ್ಲ. ಆಗ ಕಂಟ್ರೋಲರಿನ ಎರಡು ಸ್ಟಿಕ್‌ಗಳ ನಡುವೆ ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿರುವ ಮ್ಯೂಟ್ ಗುಂಡಿಯನ್ನು ಕಿರುಬೆರಳಲ್ಲಿ ಒತ್ತುತ್ತಾನೆ. ದೀಪ ಆರುತ್ತದೆ, ಅದನ್ನೇ ಇನ್ನೊಮ್ಮೆ ಹೇಳುತ್ತಾನೆ, ಹುಡುಗನ ಗೆಳೆಯರಿಂದ ಉತ್ತರ ಬರುತ್ತದೆ, “ಯಾರೋ ಅದು ಒನ್ ಟೂ ತ್ರೀ?” ಗುಂಡಿ ಉರಿಯುತ್ತಿದ್ದುದನ್ನು ಅವನು ಒಳಗೆ ಬರುವಾಗಲೇ ನೋಡಿರುತ್ತಾನೆ. ಆದರೆ ಮೊದಲೇ ಒತ್ತಿಬಿಟ್ಟರೆ ಕಾಫಿಗೆ ಮುಂಚೆ ಕೆಲಸ ಮುಗಿದುಹೋಗುತ್ತದಲ್ಲ!

“ನೀವೂ ಒಂದಾಟ ಆಡಿ” ಎಂದು ಯಾರಾದರೂ ಕಂಟ್ರೋಲರ್ ಚಾಚಿದರೆ ಮಾತ್ರ ಕೈ ಹಿಂದೆ ಕಟ್ಟಿಕೊಳ್ಳುತ್ತಾನೆ. ಆಟಗೀಟ ಅವನಿಗೆ ಆಗಿಬರುವುದಿಲ್ಲ.

ಮೊನ್ನೆ ಎರಡನೇ ಮಹಡಿಯಿಂದ ಮತ್ತೆ ಕರೆ ಬಂತು. ಡಬ್ಬಿ ಹಿಡಿದು ಇಳಿದ. ಹೆಡ್‌ಸೆಟ್ ಚೆನ್ನಾಗಿಯೇ ಇತ್ತು, ಹುಡುಗ ಅದನ್ನು ಹಾಕಿಕೊಂಡು ಗೆಳೆಯರ ಮೇಲೆ ಕಿರುಚುತ್ತಿದ್ದ.

“ನೀವು ಜೋಡಿಸಿಕೊಟ್ಟು ಹೋದಾಗಿಂದ ಇವನಿಗೆ ನನ್ನ ದನಿ ಕೇಳೋದೇ ನಿಂತುಹೋಗಿದೆ ಅಣ್ಣಾ. ತಟ್ಟೆ ಹಾಕಿ ಎಷ್ಟು ಕೂಗಿದರೂ ಇಲ್ಲ. ಅಡುಗೆಮನೆಯಿಂದ ನಾನು ಕರೆದದ್ದು ಅದರೊಳಗೆ ಹೋಗೋ ಹಾಗೆ ಏನಾದರೂ ಮಾಡಿ” ಎಂದರು ತಾಯಿ.

ಆಕೆ ಹೇಳಿದ್ದು ಬೇಸತ್ತು. ಜ್ಯಾಕಣ್ಣ ಅದನ್ನು ಆರ್ಡರ್ ಎಂದೇ ಭಾವಿಸಿದ. ಗೋಡೆ ನೋಡಿದ, ವೈರಿನ ಉದ್ದ ಅಂದಾಜು ಮಾಡಿದ, ತಲೆ ಕೆರೆದುಕೊಂಡ.

“ಯುಎಸ್‌ಬಿ ಮೈಕ್ ಎಳೀಬಹುದು ಅಕ್ಕಾ. ಒಂದೇ ತೊಂದರೆ ಏನಂದ್ರೆ, ಪ್ಲೇಸ್ಟೇಷನ್ ಒಂದು ಸಲಕ್ಕೆ ಒಂದೇ ಮೈಕ್ ತಗೊಳ್ಳೋದು. ನಿಮ್ಮದು ಹಾಕಿದ್ರೆ ಮಗಂದು ಬಂದ್ ಆಗುತ್ತೆ.”

“ಅದಕ್ಕೆ ಎಷ್ಟಾಗುತ್ತೆ ಹೇಳಿ” ಎಂದ ಆಕೆ, ಕಾಫಿಗೆ ಹಾಲಿಡಲು ಒಳಗೆ ಹೋದರು.