ಕಷ್ಟ ಸಾಲದು ಎನ್ನುವ ಮಹಾಶಯ

ಬೆಂಗಳೂರಿನ ಬಸವೇಶ್ವರನಗರ, ವಿಜಯನಗರದ ಎರಡನೇ ಮಹಡಿಗಳಲ್ಲಿ ಒಂದು ಪ್ರಭೇದವಿದೆ: ಹಗಲು ಸಾಫ್ಟ್‌ವೇರು, ರಾತ್ರಿ ರಾಜ್ಯಭಾರ. ಇವನ ರಾಜ್ಯವಿರುವುದು 2018ರಲ್ಲಿ ಪೂರ್ಣರೂಪದಲ್ಲಿ ಬಂದ 'ರಿಮ್‌ವರ್ಲ್ಡ್' ಎಂಬ ಕಂಪ್ಯೂಟರ್ ಆಟದಲ್ಲಿ. ದೂರದ ಗ್ರಹದಲ್ಲಿ ಸಿಕ್ಕಿಬಿದ್ದ ಮೂರು ಮತ್ತೊಂದು ಮಂದಿಗೆ ಸೂರು ಕಟ್ಟಿ, ಬೆಳೆ ಬೆಳೆಸಿ, ಊರು ಮಾಡುವ ಕೆಲಸ. ಅಲ್ಲಿ ಪ್ರಯಾಣವೇನೂ ಸಲೀಸಲ್ಲ: ಹೊರೆ ಮಿತಿಮೀರಿದರೆ ತಂಡ ಕದಲದು, ಗುಡ್ಡ ಬಂದರೆ ನಡಿಗೆ ನಿಧಾನ, ಬುತ್ತಿ ಹಳಸುತ್ತದೆ, ದಾರಿಯಲ್ಲಿ ದರೋಡೆಕೋರರೂ ಉಂಟು. ಮಹಾಶಯನಿಗೆ ಇದು ಸಾಲದು. ಚಪ್ಪಲಿ ಸವೆಯಬೇಕು, ನೀರು ಕೆಡಬೇಕು, ಹೊರೆ ಹೊರುವ ಪ್ರಾಣಿ ಕುಂಟಬೇಕು ಎಂದು ಒಂದರ ಮೇಲೊಂದು 'ಮಾಡ್', ಅಂದರೆ ಆಟದ ನಿಯಮ ಬದಲಿಸುವ ಹೆಚ್ಚುವರಿ ತುಣುಕು, ಪೇರಿಸುತ್ತಾನೆ. ಅದೇ ತಾಯಿ 'ಭಾನುವಾರ ಕೆಂಗೇರಿ ಅತ್ತೆ ಮನೇಲಿ ನಾಮಕರಣ ಕಣೋ' ಎಂದರೆ 'ಅಷ್ಟು ದೂರ ಯಾರಮ್ಮ ಹೋಗ್ತಾರೆ' ಎನ್ನುತ್ತಾನೆ. ವಿಜಯನಗರದಿಂದ ಕೆಂಗೇರಿಗೆ 2021ರ ಆಗಸ್ಟ್‌ನಿಂದ ನೇರ ಮೆಟ್ರೊ ಇದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

ಇದನ್ನು ಸೋಗು ಎಂದು ತಳ್ಳಿಹಾಕಿದರೆ ಅನ್ಯಾಯ. ಅವನು ಕೇಳುತ್ತಿರುವುದು ಲೆಕ್ಕವಿರುವ ಕಷ್ಟವನ್ನು. 1971ರಲ್ಲಿ ಅಮೆರಿಕದ ಮೂವರು ಯುವ ಶಿಕ್ಷಕರು ಮಕ್ಕಳಿಗೆ ಚರಿತ್ರೆ ಕಲಿಸಲೆಂದು ಮಾಡಿದ 'ಆರಿಗಾನ್ ಟ್ರೇಲ್' ಕಾಲದಿಂದಲೂ ಪ್ರಯಾಣದ ಆಟಗಳ ನಿಯಮ ಒಂದೇ: ಸತ್ತರೂ ಬಹುಪಾಲು ಏಕೆ ಸತ್ತೆ ಎಂದು ತಿಳಿಯುತ್ತದೆ. ಆಹಾರ ಕಡಿಮೆ ಕಟ್ಟಿದೆ, ತಡವಾಗಿ ಹೊರಟೆ, ಅನುಭವಿಸಿದೆ. ಮಾಗಡಿ ರಸ್ತೆಯ ಟೋಲ್‌ಗೇಟ್ ಬಳಿ ನಿಂತವನಿಗೆ ಈ ಸಮಾಧಾನವಿಲ್ಲ. 'ಆ ಕಡೆ ಬರಲ್ಲ ಸಾರ್' ಎಂದು ಆಟೊ ಮುಂದಕ್ಕೆ ಹೋದರೆ ಯಾವ ಪೂರ್ವಸಿದ್ಧತೆಯ ಕೊರತೆಯೆಂದು ಹಳಹಳಿಸುವುದು? 2022ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ ಬೇಕೆಂದು ವಾಹನ ಸಂಚಾರ ಅಳೆಯುವ ಟಾಮ್‌ಟಾಮ್ ಕಂಪನಿ ಲೆಕ್ಕ ಹಾಕಿತು. ಎಷ್ಟು ಹೊತ್ತೆಂದು ಗೊತ್ತಾಯಿತು, ಮುಂದಿನ ಬಸ್ಸು ಏಕೆ ನಿಂತಿದೆಯೆಂದು ಗೊತ್ತಾಗಲಿಲ್ಲ.

ಹಾಗಾದರೆ ನಗರ ಕಟ್ಟುವ ಆಟವಾದ 'ಸಿಟೀಸ್: ಸ್ಕೈಲೈನ್ಸ್' ಆಡುವಾಗ ಅವನೇಕೆ ಟ್ರಾಫಿಕ್ ಜಾಮ್ ಬೇಡಿಕೊಳ್ಳುತ್ತಾನೆ ಎಂದು ಕೇಳಬಹುದು. ಅಲ್ಲಿ ಬಹಳ ಹೊತ್ತು ಸಿಕ್ಕಿಕೊಂಡ ವಾಹನ ತಾನೇ ಮಾಯವಾಗುತ್ತದೆ. ಇವನು ಮಾಡ್ ಹಾಕಿ ಆ ಕೃಪೆಯನ್ನೂ ನಿಲ್ಲಿಸುತ್ತಾನೆ. ನಿಜ. ಆದರೆ ಅವನು ನೋಡುವುದು ಆಕಾಶದಿಂದ. ಗಂಟು ಎಲ್ಲಿದೆಯೆಂದು ಕಾಣುತ್ತದೆ, ಒಂದು ಕ್ಲಿಕ್ಕಿಗೆ ಮನೆ ಉರುಳುತ್ತದೆ, ಮಾಲೀಕ ತಡೆಯಾಜ್ಞೆ ತರುವುದಿಲ್ಲ, ಬೆಳಗಾಗುವುದರೊಳಗೆ ಮೇಲ್ಸೇತುವೆ ಸಿದ್ಧ. ವಾಸ್ತವಿಕತೆಯೇ ತನ್ನ ಧರ್ಮವೆಂಬ ಅವನ ವಾದವೂ ನಿಲ್ಲುವುದಿಲ್ಲ. 2013ರ 'ಸಿಮ್‌ಸಿಟಿ'ಯ ವಿನ್ಯಾಸಕ ಸ್ಟೋನ್ ಲಿಬ್ರಾಂಡೆ, ಪಾರ್ಕಿಂಗ್ ಜಾಗವನ್ನು ನಿಜದ ಅಳತೆಯಲ್ಲಿ ತೋರಿಸಿದರೆ ಆಟ ಬರೀ ಪಾರ್ಕಿಂಗ್ ಆಗುತ್ತದೆಂದು ಕಂಡು, ಅದೆಲ್ಲ ನೆಲದಡಿ ಇದೆಯೆಂದು ಭಾವಿಸಿಕೊಂಡರು. ರಾಜಾಜಿನಗರದಲ್ಲಿ ಗೇಟಿಗೊಂದರಂತೆ 'ಇಲ್ಲಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು' ಎಂಬ ಫಲಕ ತೂಗುಹಾಕುವವರಿಗೆ ಈ ಭಾವನಾಶಕ್ತಿ ಇಲ್ಲ. ಮಹಾಶಯನೂ ಟಯರಿನ ಗಾಳಿ ತೆಗೆಯುವ ಮಾಡ್ ಕೇಳಿದವನಲ್ಲ.

ಆದರೂ ಅವನ ಹಟದಲ್ಲಿ ನಾಗರಿಕ ಗುಣವೊಂದಿದೆ: ತೊಂದರೆಗೆ ಕಾರಣ ಇರಲೇಬೇಕು, ಕಾರಣ ಸಿಕ್ಕರೆ ಸರಿಪಡಿಸಲೇಬೇಕು. ಇಂಥವನನ್ನು ವಾರ್ಡ್ ಸಮಿತಿಗೆ ಸೇರಿಸಿದರೆ ಬಡಾವಣೆಗೆ ಒಳ್ಳೆಯದು. ತೊಡಕು ಒಂದೇ, ಸಭೆಗೆ ಅವನು ಮನೆಯಿಂದ ಹೊರಡಬೇಕು.