ಆಸನಾಂತರ

ವರ್ಷದ ಮೊದಲ ಭಾನುವಾರ ನಮ್ಮ ಚರ್ಚಿನಲ್ಲಿ ಒಡಂಬಡಿಕೆಯ ಆರಾಧನೆ. ನಮ್ಮದು ಹಳೇ ವೆಸ್ಲಿಯನ್ ಮಿಷನ್ನಿನ ಸಭೆ. 1947ರಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ (ಸಿಎಸ್‌ಐ) ಆದಾಗ ಬೋರ್ಡು ಬದಲಾಯಿತು, ಈ ಪದ್ಧತಿ ಉಳಿಯಿತು. ಶುರು ಮಾಡಿದವರು ಜಾನ್ ವೆಸ್ಲಿ, 1755ರಲ್ಲಿ, ಲಂಡನ್ನಿನಲ್ಲಿ. ಅವತ್ತು ಸುಮಾರು 1800 ಜನ ಯೇಸುವಿಗೆ ವಿಧೇಯರಾಗಿರುತ್ತೇವೆಂದು ಮಾತು ಕೊಟ್ಟರಂತೆ. ಆ ಮಾತನ್ನು ನಾವು ವರ್ಷಾ ವರ್ಷಾ ನವೀಕರಿಸಬೇಕು. ನನ್ನ ಡ್ರೈವಿಂಗ್ ಲೈಸೆನ್ಸೂ ಇಷ್ಟು ಬೇಗ ಮುಗಿಯುವುದಿಲ್ಲ. ವೆಸ್ಲಿಯವರು ನನ್ನಂಥವರನ್ನು ಬಹಳ ಹತ್ತಿರದಿಂದ ನೋಡಿರಬೇಕು.

ಈ ಸಲ ನಮ್ಮ ಸಭಾಪಾಲಕರಾದ ಅಯ್ಯನವರ ಪ್ರಸಂಗ ಮತ್ತಾಯನ ಸುವಾರ್ತೆ 21ನೇ ಅಧ್ಯಾಯದ ಇಬ್ಬರು ಮಕ್ಕಳ ಮೇಲೆ. ಅಪ್ಪ ದ್ರಾಕ್ಷಿತೋಟಕ್ಕೆ ಹೋಗು ಅಂದಾಗ ಒಬ್ಬ ಆಗಲ್ಲ ಅಂದ, ಆಮೇಲೆ ಮನಸ್ಸು ಕರಗಿ ಹೋದ. ಇನ್ನೊಬ್ಬ ಹೂಂ ಅಂದ, ಹೋಗಲೇ ಇಲ್ಲ. 'ಥೇಟ್ ನನ್ನ ಭಾವಮೈದ' ಅಂದುಕೊಂಡು ಅವನು ಕೂತಿದ್ದ ಬೆಂಚಿನತ್ತ ಅರ್ಥಗರ್ಭಿತವಾಗಿ ನೋಡಿದೆ. ಅವನು ಆಗಲೇ ನನ್ನನ್ನೇ ನೋಡುತ್ತಿದ್ದ. ಮಾನಸಾಂತರದ ಕರೆ ಬಂದಾಗ ನಾನು ಹೇಳಿದ 'ಆಮೆನ್'ಗೆ ಮುಂದಿನ ಸಾಲಿನ ಮಗು ಎಚ್ಚೆತ್ತು ಅತ್ತಿತು.

ಮಧ್ಯಾಹ್ನ ಊಟವಾದ ಮೇಲೆ ಹೆಂಡತಿ ಅಂದಳು: "ರೀ, ಬಚ್ಚಲ ನಲ್ಲಿ ಕ್ರಿಸ್‌ಮಸ್‌ಗೆ ಮುಂಚಿನಿಂದ ತೊಟ್ಟಿಕ್ತಿದೆ. ಒಂದು ವಾಷರ್ ತಂದು ಹಾಕಿ."

"ಈಗಲೇ ಹೋದೆ ನೋಡು!" ಅಂದೆ. ಸೋಫಾದಿಂದ ಎದ್ದೆ ಕೂಡ. ಎದ್ದವನು ಕಿಟಕಿ ಪಕ್ಕದ ಆರಾಮಕುರ್ಚಿಗೆ ಹೋಗಿ ಕೂತೆ. ಮಾನಸಾಂತರ ಆಗದಿದ್ದರೂ ಆಸನಾಂತರವಂತೂ ಆಯಿತು. ಸಬ್ಬತ್ ದಿನ ವ್ಯಾಪಾರ ಮಾಡಬಹುದೇ ಎಂಬ ಗಂಭೀರ ಪ್ರಶ್ನೆ ತಲೆಗೆ ಬಂದಿತ್ತು. ಅದನ್ನು ಬಿಡಿಸಲು ಸತ್ಯವೇದ ಎದೆಯ ಮೇಲೆ ತೆರೆದಿಟ್ಟುಕೊಂಡು ಕಣ್ಣು ಮುಚ್ಚಿದೆ.

ಅವಳು ಮಗನಿಗೆ ಹೇಳಿದ್ದು ಅರೆನಿದ್ದೆಯಲ್ಲಿ ಕೇಳಿಸಿತು. "ನಂಗಾಗಲ್ಲ ಅಮ್ಮ, ಮ್ಯಾಚ್ ಇದೆ" ಅಂದ. ಈಗಿನ ಮಕ್ಕಳಿಗೆ ವಿಧೇಯತೆಯೇ ಇಲ್ಲ ಎಂದು ಬೇಸರಪಟ್ಟು ಪೂರ್ತಿ ನಿದ್ದೆ ಹೋದೆ.

ಎದ್ದಾಗ ಮನೆ ನಿಶ್ಶಬ್ದ. ತೊಟ್ಟಿಕ್ಕುವ ಸದ್ದೂ ಇಲ್ಲ! ಬ್ಯಾಟು ಬಾಗಿಲಿಗೆ ಒರಗಿಸಿ, ಹುಡುಗ ಸ್ಪ್ಯಾನರ್ ಒರೆಸುತ್ತಿದ್ದ. ದ್ರಾಕ್ಷಿತೋಟದ ಇಬ್ಬರೂ ನಮ್ಮ ಮನೆಯಲ್ಲೇ ಇದ್ದರು. ಇದರಲ್ಲಿ ನಾನು ಯಾರು ಅಂತ ಹೆಂಡತಿ ಹೇಳಲಿಲ್ಲ. ಹೇಳದೆ ಕಾಫಿ ಮಾತ್ರ ಕೊಟ್ಟಳು, ಅದೂ ಮೊದಲು ಅವನಿಗೆ.

ಮನೆ ಯಜಮಾನ ಇಂಥದ್ದನ್ನು ಹೇಗೆ ಸಹಿಸುವುದು, ನೀವೇ ಹೇಳಿ. 'ಹುಡುಗ ಸಡಿಲ ಬಿಟ್ಟಿದ್ದಾನೆ' ಎಂದು ನಾನೇ ಸ್ಪ್ಯಾನರ್ ಹಿಡಿದು ಒಂದು ಸುತ್ತು ಬಿಗಿದೆ. ಎರಡನೇ ಸುತ್ತಿಗೆ ನಲ್ಲಿಯ ತಲೆ ಕೈಗೆ ಬಂತು. ನಮ್ಮ ಸಭೆಯಲ್ಲಿ ಸಾಮಾನ್ಯವಾಗಿ ತಲೆಗೆ ನೀರು ಚಿಮುಕಿಸಿಯೇ ದೀಕ್ಷಾಸ್ನಾನ. ನನಗೆ ಅವತ್ತು ಇನ್ನೊಂದು ಪಂಗಡದ ಮುಳುಗು ದೀಕ್ಷೆಯೇ ಆಯಿತು, ಚರ್ಚಿನ ಪ್ಯಾಂಟಿನ ಸಮೇತ. ಅಷ್ಟರಲ್ಲಿ ಕಾಲಿಂಗ್ ಬೆಲ್. ಮನೆ ಭೇಟಿಗೆಂದು ಅಯ್ಯನವರು!

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬೆಳಗ್ಗೆ ನಿಮ್ಮ ಆಮೆನ್ ಚೆನ್ನಾಗಿ ಕೇಳಿಸ್ತು" ಅಂದರು.

ಹೊಸ ನಲ್ಲಿ ಇನ್ನೂ ಬಂದಿಲ್ಲ. ನಿಮ್ಮಲ್ಲಿ ಅರ್ಧ ಇಂಚಿನದು ಇದ್ದರೆ ತಿಳಿಸಿ. ನಾನು ಈಗಲೇ ಹೊರಟೆ ಅಂದುಕೊಳ್ಳಿ. ಮಗ ಬಂದು ತೆಗೆದುಕೊಂಡು ಹೋಗುತ್ತಾನೆ.